ಮುನಿರಾಜ್ ಮನೆಯ ಕುದುರೆ ಪುಸ್ತಕ

ಶನಿವಾರ ಬೆಳಿಗ್ಗೆ ವೆಂಕಟಸುಬ್ಬಯ್ಯನವರು ವಿಮಲಾಕ್ಷಿಯವರ ಮನೆಯಲ್ಲಿ ಎರಡನೆಯ ಲೋಟ ಕಾಫಿಗೆ ಕೈಚಾಚಿದ್ದರಷ್ಟೆ, ಗೇಟಿನ ಬಳಿ ಆಟೋ ನಿಂತಿತು. ಇಳಿದವರನ್ನು ಕಂಡು ಚಾಚಿದ ಕೈ ಹಾಗೇ ನಿಂತಿತು. ರೇಸಿನ ಸುದ್ದಿ ಓದುವ ಯಾರಿಗಾದರೂ ಗೊತ್ತಿದ್ದ ಮುಖ ಅದು. ಹಲಸೂರಿನ ಟ್ರೈನರ್ ಮುನಿರಾಜ್. ಲಾಯ ಗುಡಿಸುವ ಕೆಲಸಕ್ಕೆ ಸೇರಿದವರು; ಮುಂದೆ ಮೂವತ್ತು ವರ್ಷಗಳಲ್ಲಿ ಅವರು ಪಳಗಿಸಿದ ಕುದುರೆಗಳು ಐನೂರು ರೇಸ್ ಗೆದ್ದಿದ್ದವು.

ವಿಮಲಾಕ್ಷಿ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚುತ್ತಲೇ ನಿವೃತ್ತರಾದವರು. ಜೀವನ್ ಬಿಮಾ ನಗರದಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಳಿ ಬರುತ್ತಿದ್ದರು. ಪಕ್ಕದ ಮನೆಯ ವೆಂಕಟಸುಬ್ಬಯ್ಯ ವಿಮಾನ ಕಾರ್ಖಾನೆಯಲ್ಲಿ ಇದ್ದವರು. ಪ್ರತಿ ಪತ್ತೇದಾರಿ ಕೆಲಸದಲ್ಲೂ ಅವರು ಜೊತೆಗಾರ. ಒಂದು ಸಲವಾದರೂ ತಾವೇ ಮೊದಲು ಕಳ್ಳನನ್ನು ಹಿಡಿಯಬೇಕೆಂಬ ಆಸೆಯನ್ನು ಮಾತ್ರ ಬಿಟ್ಟಿರಲಿಲ್ಲ.

"ನನ್ನ ಪುಸ್ತಕ ಕಳುವಾಯ್ತಮ್ಮ," ಎಂದರು ಮುನಿರಾಜ್, ಕುರ್ಚಿಯ ತುದಿಯಲ್ಲಿ ಕೂತು. "ಮೂವತ್ತು ವರ್ಷದ್ದು. ಯಾವ ಕುದುರೆಗೆ ಯಾವ ಮೇವು, ಯಾವುದು ಗದ್ದಲಕ್ಕೆ ಬೆದರುತ್ತೆ, ಎಲ್ಲ ಅದರಲ್ಲಿದೆ. ನಾಳೆ ಸಂಜೆ ನಂಗೆ ಸನ್ಮಾನ. ಸ್ಟೇಜ್ ಮೇಲೆ ನಾಲ್ಕು ಪುಟ ಓದಬೇಕಿತ್ತು."

"ಎಲ್ಲಿಟ್ಟಿದ್ರಿ?"

"ಬೀರುನಲ್ಲಿ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಪಕ್ಕದಲ್ಲೇ ಬೆಳ್ಳಿ ಕಪ್‌ಗಳು. ಒಂದನ್ನೂ ಮುಟ್ಟಿಲ್ಲ."

"ಯಾರ ಮೇಲಾದ್ರೂ ಅನುಮಾನ?"

ಮುನಿರಾಜ್ ನೆಲ ನೋಡಿದರು. "ರಿಜ್ವಾನ್. ನನ್ನ ಜಾಕಿ ಆಗಿದ್ದೋನು. ಮುಂದಿನ ತಿಂಗಳು ಬೇರೆ ಟ್ರೈನರ್ ಹತ್ರ ಹೋಗ್ತಿದಾನೆ. ನಿನ್ನೆ ಸಂಜೆ ಬಂದು ಆ ರೂಮಲ್ಲೇ ಒಬ್ಬನೇ ಕೂತಿದ್ದ. ಬೆಳಿಗ್ಗೆ ಫೋನ್ ಮಾಡಿ ಬೈದ್ಬಿಟ್ಟೆ, ಲಾಯದ ಕಡೆ ಕಾಲಿಡಬೇಡ ಅಂತ. ಇಪ್ಪತ್ತೆರಡು ವರ್ಷ ಜೊತೆಗಿದ್ದೋನಮ್ಮ."

"ಪುಸ್ತಕದ ರಟ್ಟು ಯಾವ ಬಣ್ಣ?"

"ಕೆಂಪು. ಅಲ್ಲ, ನೀಲಿ ಇರ್ಬೇಕು. ತಲೇನೇ ಓಡ್ತಿಲ್ಲ ನಂಗೆ."

ಮಧ್ಯಾಹ್ನದ ಹೊತ್ತಿಗೆ ಮೂವರೂ ಹಲಸೂರಿನ ಮನೆ ಸೇರಿದರು. ಸನ್ಮಾನ ಸಮಿತಿಯ ಕಾರ್ಯದರ್ಶಿ ಸಂಜು ಅಲ್ಲೇ ಇದ್ದ. ಹಿಂದಿನ ಮಧ್ಯಾಹ್ನ ಸ್ಮರಣ ಸಂಚಿಕೆಗೆಂದು ಒಂದು ಪುಟದ ಫೋಟೋ ತೆಗೆದುಕೊಂಡವನು ಅವನು. ಪುಸ್ತಕವನ್ನು ಕೊನೆಯದಾಗಿ ನೋಡಿದ್ದೂ ಆಗಲೇ.

"ನಾಳೆ ಬಾಗಿಲಲ್ಲೇ ಪುಸ್ತಕ ಇಟ್ಟು, ಬಂದೋರೆಲ್ಲ ಪುಟ ತಿರುವಿ ನೋಡ್ಲಿ ಅಂತ ಪ್ಲಾನ್ ಇತ್ತು ಮೇಡಂ. ನಿನ್ನೆ ಮನೇಲಿ ಎಲ್ಲರಿಗೂ ಹೇಳಿ ಹೋಗಿದ್ದೆ," ಎಂದು ಅವನು ಫೋನ್ ಮುಂದೆ ಹಿಡಿದ. ವೆಂಕಟಸುಬ್ಬಯ್ಯ ಬಗ್ಗಿ ಓದಿದರು.

"ಜೂನ್ ೭. ಕಪ್ಪು ಹೆಣ್ಣುಕುದುರೆಯ ಮುಂಗಾಲು ಬಿಸಿ. ಈ ವಾರ ಓಡಿಸಬೇಡಿ ಅಂದೆ. ಕೇಳಿದರು."

"ಕುದುರೆ ಮಾಲೀಕನಿಗೆ ಹೇಳಿದ್ದು," ಎಂದು ವಿವರಿಸಿದ ಸಂಜು. ಮುನಿರಾಜ್ ಕೆಮ್ಮಿದರು.

ಬೀರುವಿನ ಬೀಗದಕೈ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿತ್ತು. ಅದರ ಪಕ್ಕದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಕನ್ನಡ ಅಂಕಿಗಳಲ್ಲಿ. ಮುನಿರಾಜರ ಹೆಂಡತಿ ಮಾರಕ್ಕ ಒಲೆಯ ಮುಂದಿದ್ದರು. ನಿನ್ನೆ ಸಂಜೆಯೆಲ್ಲ ಕಜ್ಜಾಯ ಕರಿಯುತ್ತ ಅಡುಗೆಮನೆಯಲ್ಲೇ ಇದ್ದೆ, ಯಾರೂ ಒಳಗೆ ಬರಲಿಲ್ಲ ಎಂದರು.

"ನಿಮಗೂ ಕುದುರೆ ಅಂದ್ರೆ ಇಷ್ಟಾನಾ?" ಎಂದು ಕೇಳಿದರು ವಿಮಲಾಕ್ಷಿ.

"ನಮ್ಮಪ್ಪ ಶಿವಾಜಿನಗರದಲ್ಲಿ ಜಟಕಾ ಕುದುರೆಗಳಿಗೆ ಲಾಳ ಹೊಡೀತಿದ್ರು. ಈಗ ದಿನಾ ಬೆಳಿಗ್ಗೆ ಇವ್ರಿಗೆ ತಿಂಡಿ ತಗೊಂಡು ಲಾಯಕ್ಕೆ ಹೋಗ್ತೀನಿ, ಅಷ್ಟೇ."

ಎಲ್ಲರಿಗೂ ಎಲೆ ಹಾಕಿದರು. ಮುನಿರಾಜ್ ತಮ್ಮ ಎಲೆ ನೋಡಿ ಹುಬ್ಬು ಗಂಟಿಕ್ಕಿದರು. "ಮುದ್ದೆ ಎಲ್ಲಿ? ನಿನ್ನೆ ತಾನೇ ರಾಗಿ ಬೀಸಿಸ್ಕೊಂಡು ಬಂದು ಡಬ್ಬ ತುಂಬಿದ್ದೆ."

"ಇವತ್ತು ಅನ್ನಾನೇ ತಿನ್ನಿ," ಎಂದರು ಮಾರಕ್ಕ.

ಊಟವಾದ ಮೇಲೆ ವಿಮಲಾಕ್ಷಿ ರಿಜ್ವಾನನನ್ನು ಕರೆಸಲು ಹೇಳಿ, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹತ್ತು ನಿಮಿಷದ ನಂತರ ಹೊರಬಂದಾಗ ಅವರ ಸೆರಗಿಗೆ ಹಿಟ್ಟು ಮೆತ್ತಿತ್ತು. ಅಷ್ಟರಲ್ಲಿ ರಿಜ್ವಾನ್ ಬಂದು ಹೊಸ್ತಿಲಾಚೆಯೇ ನಿಂತಿದ್ದ. ನಲವತ್ತು ದಾಟಿದರೂ ಅದೇ ಸಣ್ಣ ಮೈ, ಅತ್ತು ಕೆಂಪಾದ ಕಣ್ಣು.

"ಒಳಗೆ ಬಂದು ಕೂತ್ಕೊಳ್ಳಪ್ಪ," ಎಂದರು ವಿಮಲಾಕ್ಷಿ. "ಪುಸ್ತಕ ನೀನು ತಗೊಂಡಿಲ್ಲ. ಬೀಗ ಒಡೆದಿಲ್ಲ ಅಂದ್ರೆ ಬೀಗದಕೈ ಬೇಕು. ಅದಿರೋದು ಅಡುಗೆಮನೇಲಿ. ಅಲ್ಲಿಗೆ ಯಾರೂ ಬರಲಿಲ್ಲ ಅಂತ ಮಾರಕ್ಕನೇ ಹೇಳಿದ್ರು."

ಎಲ್ಲರೂ ಮಾರಕ್ಕನ ಕಡೆ ತಿರುಗಿದರು. ಸಂಜುವಿನ ಮೇಲೆ ಅನುಮಾನಪಟ್ಟು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿಕೊಂಡಿದ್ದ ವೆಂಕಟಸುಬ್ಬಯ್ಯ ಅದನ್ನು ಸದ್ದಿಲ್ಲದೆ ನುಂಗಿಕೊಂಡರು.

"ಯಾಕೆ ತಗೊಂಡ್ರು ಅನ್ನೋದು ಮುಖ್ಯ," ವಿಮಲಾಕ್ಷಿ ಮುಂದುವರಿಸಿದರು. "ಮೂವತ್ತು ವರ್ಷ ದಿನಾ ಬರೆದವರಿಗೆ ತಮ್ಮ ಪುಸ್ತಕದ ಬಣ್ಣ ಮರೆಯುತ್ತಾ? ಮುನಿರಾಜ್ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಆ ಪುಟ. 'ಓಡಿಸಬೇಡಿ ಅಂದೆ, ಕೇಳಿದರು.' ಕುದುರೆ ಓಡಿಸೋದು ಬಿಡೋದು ಟ್ರೈನರ್ ಕೈಲಿದೆ. ಇದು ಟ್ರೈನರ್ ಬರೆದ ಮಾತಲ್ಲ, ಟ್ರೈನರ್‌ಗೆ ಬುದ್ಧಿ ಹೇಳಿದವರ ಮಾತು. ಆ ಪುಟದ ಏಳಕ್ಕೆ ಎಂಥ ಬಾಲ ಇದೆಯೋ, ಕ್ಯಾಲೆಂಡರಲ್ಲಿ ಮಾರಕ್ಕ ಬರೆದ ಹಾಲಿನ ಲೆಕ್ಕದ ಏಳಕ್ಕೂ ಅಂಥದೇ ಬಾಲ. ಲಾಳ ಹೊಡೆಯೋರ ಮಗಳು ದಿನಾ ಬೆಳಿಗ್ಗೆ ಲಾಯಕ್ಕೆ ಹೋಗಿ ಕುದುರೆ ಕಾಲು ಮುಟ್ಟಿ ನೋಡಿ, ಬರೆದಿಡ್ತಾ ಇದ್ರು. ಬಂದೋರೆಲ್ಲ ಪುಟ ತಿರುವ್ತಾರೆ ಅಂತ ನಿನ್ನೆ ಗೊತ್ತಾದ ತಕ್ಷಣ ಪುಸ್ತಕ ಬಚ್ಚಿಟ್ರು. ಎಲ್ಲಿ ಅನ್ನೋದನ್ನ ಬರದೇ ಇದ್ದ ಮುದ್ದೆ ಹೇಳ್ತು. ಡಬ್ಬದ ತುಂಬ ಹಿಟ್ಟಿದ್ದೂ ಮುದ್ದೆ ಇಲ್ಲ ಅಂದ್ರೆ, ನಮ್ಮೆದುರು ಆ ಡಬ್ಬ ತೆಗೆಯೋ ಹಾಗಿರಲಿಲ್ಲ."

ಮಾರಕ್ಕ ಪುಸ್ತಕ ತಂದು ಮೇಜಿನ ಮೇಲಿಟ್ಟರು. ರಟ್ಟು ಹಸಿರು.

"ಜನ ಇವ್ರನ್ನ ನೋಡಿ ನಗಬಾರದು ಅಂತ ಅಷ್ಟೇ," ಎಂದರು ಅವರು. "ರಿಜ್ವಾನ್ ಮೇಲೆ ಬರುತ್ತೆ ಅಂತ ಗೊತ್ತಾಗಲಿಲ್ಲ. ಇವ್ರು ಬೈದಿದ್ದು ನಂಗೆ ಈಗಷ್ಟೇ ಗೊತ್ತಾಯ್ತು. ತಪ್ಪಾಯ್ತಪ್ಪ."

"ಬಿಡಿ ಅಕ್ಕ," ಎಂದ ರಿಜ್ವಾನ್.

ಮುನಿರಾಜ್ ಪುಸ್ತಕದ ಮೇಲಿನ ಹಿಟ್ಟು ಒರೆಸಿದರು. "ಯಾವತ್ತೋ ಪೇಪರ್‌ನೋರು ಕೇಳಿದಾಗ ನಂದೇ ಅಂದ್ಬಿಟ್ಟೆ. ಆಮೇಲೆ ವಾಪಸ್ ತಗೊಳ್ಳೋಕೆ ನಾಚಿಕೆ," ಎಂದರು. ಎದ್ದು ಹೋಗಿ ರಿಜ್ವಾನನ ಎರಡೂ ಕೈ ಹಿಡಿದುಕೊಂಡರು. "ನಿನ್ನ ಬೈದಿದ್ದು ನಾಯಿ ಬುದ್ಧಿ ಕಣೋ. ನೀನು ಯಾಕೆ ಬಂದಿದ್ದೆ ನಿನ್ನೆ?"

"ನನ್ನನ್ನ ಅಸಿಸ್ಟೆಂಟ್ ಟ್ರೈನರ್ ಮಾಡ್ತಾರಂತೆ ಅಣ್ಣ. ನಿಮ್ಮ ಆಶೀರ್ವಾದ ಕೇಳೋಣ ಅಂತ ಬಂದೆ. ಕಪ್‌ಗಳನ್ನ ನೋಡ್ತಾ ಬಾಯೇ ಬರಲಿಲ್ಲ."

"ಹೋಗು. ನನ್ನ ಕುದುರೆಗಳನ್ನೇ ಸೋಲಿಸು," ಎಂದ ಮುನಿರಾಜ್ ಅಳುತ್ತಲೇ ನಕ್ಕುಬಿಟ್ಟರು.

ಮರುದಿನ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಹಾರ ಹಾಕುವ ಹೊತ್ತಿಗೆ ಮುನಿರಾಜ್ ಕೈಯಡ್ಡ ಹಿಡಿದು ಮೈಕಿನ ಮುಂದೆ ಹೋದರು. "ಇಷ್ಟು ವರ್ಷ ನಾನೊಂದು ಸುಳ್ಳು ಹೇಳ್ತಿದ್ದೆ," ಎಂದು ಶುರುಮಾಡಿ, ಎಲ್ಲವನ್ನೂ ಹೇಳಿದರು. ಯಾರೂ ನಗಲಿಲ್ಲ. ಚಪ್ಪಾಳೆ ನಿಲ್ಲುವ ಮೊದಲೇ ರಿಜ್ವಾನ್ ಇನ್ನೊಂದು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ವೇದಿಕೆ ಹತ್ತಿದ. ಊಟದ ಪಂಕ್ತಿಯ ಉಸ್ತುವಾರಿಯಲ್ಲಿದ್ದ ಮಾರಕ್ಕನನ್ನು ವಿಮಲಾಕ್ಷಿ ಕೈಹಿಡಿದು ಕರೆತಂದು ಅದರಲ್ಲಿ ಕೂರಿಸಿದರು.

ಎರಡು ಮಾತಾಡಿ ಎಂದು ಸಂಜು ಮೈಕ್ ಕೊಟ್ಟಾಗ ಮಾರಕ್ಕ ಮೊದಲು ಸುತ್ತಲೂ ನೋಡಿದರು.

"ಇಲ್ಲಿ ಕೂತ್ರೆ ಇಷ್ಟು ಜನ ಕಾಣ್ತಾರೆ ಅಂತ ನಂಗೆ ಗೊತ್ತಿರಲಿಲ್ಲ," ಎಂದರು. "ಚೆನ್ನಾಗಿದೆ. ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ."