ನಡೆಯದ ಉತ್ಸವದ ಕನ್ವೀನರ್

ಉತ್ಸವದ ಮೊದಲ ದಿನ, ಮನೆಗೆ ಬಂದ ಆಹ್ವಾನದ ಕಾರ್ಡ್ ಹಿಡಿದು ಬೆಳಿಗ್ಗೆಯೇ ಬಂದರೆ, ಗ್ರಂಥಾಲಯದ ಗೋಡೆಯ ಮೇಲೆ ದೊಡ್ಡ ಫ್ಲೆಕ್ಸ್. ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಉತ್ಸವದ ಮೂವತ್ತು ವರ್ಷಗಳ ಇತಿಹಾಸ. ವರ್ಷಕ್ಕೊಂದು ಫೋಟೋ, ಕೆಳಗೆ ಕನ್ವೀನರುಗಳ ಹೆಸರು. ನನ್ನ ವರ್ಷಕ್ಕೆ ಫೋಟೋ ಇರಲಿಲ್ಲ, ಹೆಸರೂ ಇರಲಿಲ್ಲ. ಒಂದೇ ಸಾಲು: '2018: ಈ ವರ್ಷ ಉತ್ಸವ ನಡೆಯಲಿಲ್ಲ.'

ಮೈಯೆಲ್ಲ ಉರಿದುಹೋಯಿತು. ನಡೆಯಲಿಲ್ಲವಂತೆ! ಆಡಳಿತದವರು ಎರಡು ದಿನ ಮೊದಲು ಅನುಮತಿ ರದ್ದು ಮಾಡಿ ಆಡಿಟೋರಿಯಂಗೆ ಬೀಗ ಜಡಿದಾಗ, ಸೈಕಲ್ ಶೆಡ್ಡಿನಲ್ಲಿ ಇನ್ನೂರು ಮಂದಿಯನ್ನು ಕೂರಿಸಿ ಉತ್ಸವ ಮಾಡಿದವಳು ನಾನು. ಮೈಕಿಲ್ಲದೆ ಕೂಗಿ ಕೂಗಿ ಗಂಟಲು ಕಟ್ಟಿ, ಜ್ವರ ಬಂದು, ನಾಚಾರಂನ ನಮ್ಮ ಮನೆಯಲ್ಲಿ ವಾರವಿಡೀ ಮಲಗಿದ್ದೆ.

ಫ್ಲೆಕ್ಸಿನ ಮೂಲೆಯಲ್ಲಿ ಸಂಪಾದಕನ ಹೆಸರಿತ್ತು: ಶರಣಕುಮಾರ, ಅಧ್ಯಾಪಕ, ಇತಿಹಾಸ ವಿಭಾಗ. ಅಂದು ನನ್ನ ಜೊತೆಗಿದ್ದ ಇನ್ನೊಬ್ಬ ಕನ್ವೀನರ್. ತೆಲುಗು ಮಾತೇ ತುಂಬಿದ್ದ ಉಪ್ಪಲ್ ಬಸ್ಸಿನಲ್ಲಿ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ನೀವು ರಾಯಚೂರು ಕಡೆಯವರೇನ್ರಿ?" ಎಂದು ಕಣ್ಣರಳಿಸಿ ತಿರುಗಿದವನು. ಶೆಡ್ಡಿನ ಉತ್ಸವವಾದ ಮೇಲೆ ಯಾಕೋ ನನ್ನ ಮುಖ ನೋಡುವುದನ್ನೇ ಬಿಟ್ಟ. ನಾನೂ ಕೇಳಲಿಲ್ಲ, ನಂಬರ್ ಬ್ಲಾಕ್ ಮಾಡಿದೆ. ಏಳು ವರ್ಷವಾದರೂ ಆ ಕಣ್ಣು ಮರೆಯಲಾಗಿಲ್ಲ ಎನ್ನುವುದು ಬೇರೆ ಸಿಟ್ಟು.

ಒಳಗೆ ಅವನು ಏಣಿ ಹತ್ತಿ ಫೋಟೋ ಅಂಟಿಸುತ್ತಿದ್ದ.

"ಯಾರು ಬರದದ್ದು ಅದನ್ನ?" ಎಂದೆ.

ಅವನು ಇಳಿದ. ಕಣ್ಣು ನನ್ನ ಮುಖದ ಮೇಲೆ ನಿಂತು, ಝುಮಕಿಗೆ ಜಾರಿ, ನೆಲಕ್ಕೆ ಬಂತು.

"ಅಹಲ್ಯಾ... ಯಾವಾಗ ಬಂದಿ?"

"ಅದನ್ನ ಆಮ್ಯಾಲ ಕೇಳು. ತಬಲಾ ಇಲ್ಲಂತ ಡಬ್ಬಿ ಬಡದಾಂವ ನೀನ. ಉತ್ಸವ ನಡೀಲಿಲ್ಲೇನು?"

"ರಿಜಿಸ್ಟರ್‌ನಾಗ ಹಂಗ ಐತಿ."

ನಮ್ಮ ಉತ್ಸವಕ್ಕೊಂದು ಪದ್ಧತಿಯಿದೆ. ಮುಗಿದ ಮೇಲೆ ಕನ್ವೀನರುಗಳು ರಿಜಿಸ್ಟರಿನಲ್ಲಿ ಕೈಯಾರೆ ವರದಿ ಬರೆಯಬೇಕು. ಬರೆದದ್ದನ್ನು ಯಾರೂ ಹೊಡೆದುಹಾಕುವಂತಿಲ್ಲ. ತಪ್ಪಿದ್ದರೆ ಆ ವರ್ಷದ ಕನ್ವೀನರು ಇಬ್ಬರೂ ಕೆಳಗೆ ತಿದ್ದುಪಡಿಗೆ ಸಹಿ ಹಾಕಿ, ಉತ್ಸವದ ಮೊದಲ ಬೆಳಿಗ್ಗೆ ಎಲ್ಲರೆದುರು ಓದಬೇಕು. ಅವನು ರಿಜಿಸ್ಟರ್ ತೆರೆದ. ಅದೇ ಸಾಲು, ಅವನದೇ ದುಂಡಗಿನ ಅಕ್ಷರ.

"ನೀ ಜ್ವರ ಬಂದು ಮಲಗಿದ್ದಿ," ಎಂದ. "ಆಫೀಸಿಗೆ ಕರದ್ರು. ಉತ್ಸವ ನಡದೈತಿ ಅಂತ ಬರದ್ರ ಯೂನಿವರ್ಸಿಟಿಯಿಂದ ಅಹಲ್ಯಾನ ಹೆಸರು ತಗದು ಹಾಕ್ತೀವಿ, ನಡದಿಲ್ಲ ಅಂತ ಬರದ್ರ ಫೈಲ್ ಮುಚ್ಚತೀವಿ ಅಂದ್ರು. ನಿನ್ನ ಡಿಗ್ರಿ ಉಳೀಲಿ ಅಂತ ಬರದೆ."

ಕಥೆಗಳಲ್ಲಾದರೆ ಇಲ್ಲಿ ಹುಡುಗಿಯ ಕಣ್ಣು ತುಂಬಬೇಕು. ನನಗೆ ಇನ್ನಷ್ಟು ಸಿಟ್ಟು ಬಂತು.

"ನನ್ನ ಕೇಳಿದೇನು? ಡಿಗ್ರಿ ಹೋದ್ರ ನನ್ನದು ಹೋಗ್ತಿತ್ತು. ನನ್ನ ಉತ್ಸವಾನ ಅಳಿಸಾಕ ನೀ ಯಾರು?"

"ಯಾರೂ ಅಲ್ಲ. ಕೇಳಿದ್ರ ನೀ ಬ್ಯಾಡ ಅಂತಿದ್ದಿ, ಅದಕ್ಕ ಕೇಳಲಿಲ್ಲ. ಆಮ್ಯಾಲ ನಿನ್ನ ಮುಖ ನೋಡಾಕ ಆಗಲಿಲ್ಲ."

"ಫ್ಲೆಕ್ಸ್‌ನಾಗರ ಖರೇ ಬರೀಬೇಕಿತ್ತು!"

"ಮತ್ತ ನಿನ್ನ ಕೇಳದನ ಬರದಂಗ ಆಗ್ತಿತ್ತು. ನಿಮ್ಮ ಮನಿಗೆ ಕಾರ್ಡ್ ಕಳಿಸಿದಾಂವ ನಾನ. ಈಗ ಕೇಳ್ತೀನಿ: ತಿದ್ದೋಣೇನು?"

ಪೆನ್ನು ಮುಂದೆ ಹಿಡಿದ.

"ನಿನ್ನ ನೌಕರಿ?"

"ಇನ್ನೂ ಪರ್ಮನೆಂಟ್ ಆಗಿಲ್ಲ. ಹೋದ್ರ ನನ್ನದು ಹೋಗ್ತೈತಿ."

'ಬ್ಯಾಡ ಬಿಡು' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಥೂ! ನಾನೂ ಅವನಂತೆಯೇ ಅವನನ್ನು ಕೇಳದೆ ಕಾಪಾಡಲು ಹೊರಟಿದ್ದೆ. ಪೆನ್ನು ಕಿತ್ತುಕೊಂಡು, ತಿದ್ದುಪಡಿ ಬರೆದು ಸಹಿ ಹಾಕಿದೆ. ಪಕ್ಕದಲ್ಲಿ ಅವನೂ ಹಾಕಿದ.

ಹತ್ತು ಗಂಟೆಗೆ ಆಡಿಟೋರಿಯಂ ತುಂಬಿತ್ತು. ಅವನು ವೇದಿಕೆ ಹತ್ತಿ ಓದಿದ. 2018ರಲ್ಲಿ ಉತ್ಸವ ಸೈಕಲ್ ಶೆಡ್ಡಿನಲ್ಲಿ ನಡೆಯಿತು, ನಡೆಸಿದವಳು ಅಹಲ್ಯಾ, ಸುಳ್ಳು ವರದಿ ಬರೆದವನು ತಾನು ಎಂದ. ಮುಂದಿನ ಸಾಲಿನ ಅಧಿಕಾರಿಗಳ ಮುಖ ಗಂಟಿಕ್ಕಿತು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ನನಗೆ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

ಇಳಿದು ನೇರ ನನ್ನ ಹತ್ತಿರ ಬಂದ.

"ಇನ್ನೊಂದು ಕೇಳೂದೈತಿ."

"ಕೇಳು."

"ಆವಾಗಿಂದ ನಿನ್ನ ಮ್ಯಾಲ ಜೀವ ಇಟ್ಟೀನಿ. ನಿನ್ನ ಮನಸ್ಸಿನ್ಯಾಗ ಏನೈತಿ?"

"ಸಿಟ್ಟೈತಿ. ಭಾಳ ಐತಿ. ಒಂದು ದಿನಕ್ಕ ತೀರೂದಲ್ಲ. ದಿನಾ ಬಂದು ಬೈಸಿಕೋಬೇಕು."

ಅವನ ತುಟಿಯಂಚು ಅಲುಗಿತು. "ಎಷ್ಟು ವರ್ಷ?"

"ಲೆಕ್ಕ ಹಾಕಬ್ಯಾಡ, ನಡಿ," ಎಂದು ಅವನ ಕೈ ಹಿಡಿದೆ. ಬೇಕೆಂದೇ ಬಿಗಿಯಾಗಿ, ನೋಯುವಷ್ಟು.