ತಾಳೆಯಾಗದ ಸಂಖ್ಯೆ

"ಏನೂ ಮುಟ್ಬೇಡಿ! ಮೊದ್ಲು ಇಂಟರ್ನೆಟ್ ವೈರ್ ಕೀಳಿ!"

ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ ಅಪರಿಚಿತನನ್ನು ಕಂಡು ನಿಸರ್ಗ ಬೆಚ್ಚಿಬಿದ್ದಳು. ಚನ್ನರಾಯಪಟ್ಟಣದಲ್ಲಿ ಅಪ್ಪ ಕಾಂತರಾಜುವಿನ ತೆಂಗಿನಕಾಯಿ ಮಂಡಿಯ ಮೇಲಿನ ಕೋಣೆಯೇ ಅವಳ ಆಫೀಸು. ನಡುಮಧ್ಯಾಹ್ನ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದ ಇವನ್ಯಾರು?

"ಯಾರ್ರೀ ನೀವು?"

"ರವೀಶ್. ಹೊಳೆನರಸೀಪುರದಿಂದ ಬಂದೆ." ಅವನು ತಡವರಿಸಿದ. "ನಿಮಗೆ ಗೊತ್ತಿರೋ ಹೆಸ್ರು... ಹೊಳೆದಂಡೆ."

ಆ ಹೆಸರು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಎಲ್ಲವೂ ಕಂಪನಿಯಿಂದ ಸಿದ್ಧವಾಗಿ ಬರುವುದಿಲ್ಲ. ಮೊಬೈಲ್ ಆ್ಯಪ್ ಕಟ್ಟುವ ಸಲಕರಣೆಗಳನ್ನು ಯಾರಾದರೊಬ್ಬರು ಪುಕ್ಕಟೆಯಾಗಿ ಪ್ಯಾಕೇಜ್ ಮಾಡಿ ಹಂಚಬೇಕು. ನಾಲ್ಕು ವರ್ಷದಿಂದ ಹಂಚುತ್ತಿದ್ದವನು ಈ ಹೊಳೆದಂಡೆ. ತೊಂದರೆ ಹೇಳಿಕೊಳ್ಳಲು ಕಮೆಂಟು ಬರೆದ ನಿಸರ್ಗ, ಆಮೇಲೆ ತೊಂದರೆಯಿಲ್ಲದೆಯೂ ಬರೆಯತೊಡಗಿದ್ದಳು! ಒಂದು ವರ್ಷ ಮುಖ ನೋಡದೆ, ಅಪ್ಪನ ಮಂಡಿ ಎಲ್ಲಿದೆ ಎನ್ನುವವರೆಗೂ ಎಲ್ಲ ಮಾತಾಡಿದ್ದರು. ಮನಸ್ಸು ಯಾವಾಗ ಜಾರಿತೋ ಅವಳಿಗೇ ತಿಳಿಯಲಿಲ್ಲ.

ಹೊಸ ಆವೃತ್ತಿ ಬಂದದ್ದೇ ತಡ, ಹೊಳೆದಂಡೆ ಮೌನವಾಗಿಬಿಟ್ಟ. ಒಂದು ವಾರ... ಎರಡು ವಾರ...

ಹದಿನಾಲ್ಕು ದಿನ ಉತ್ತರವಿಲ್ಲದಿದ್ದರೆ ಪ್ಯಾಕೇಜಿನ ಹೊಣೆಯನ್ನು ಬೇರೆಯವರು ಕೇಳಬಹುದು ಎಂಬುದು ಹಂಚುವ ಜಾಲತಾಣದ ನಿಯಮ. ಹದಿನೈದನೇ ದಿನ ನಿಸರ್ಗ ಕೇಳಿದಳು, ಸಿಕ್ಕಿತು. ಹೊಸ ಫೈಲನ್ನು ಇಳಿಸಿಕೊಂಡಾಗ ಅದರ ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಆ ಉದ್ದನೆಯ ಸಂಖ್ಯೆ, ಸಲಕರಣೆಯ ತಯಾರಕರು ಕೊಟ್ಟಿದ್ದ ಸಂಖ್ಯೆಗೆ ತಾಳೆಯಾಗಲಿಲ್ಲ. ತಯಾರಕರೇ ಏನೋ ತಿದ್ದಿರಬೇಕೆಂದುಕೊಂಡು ಹೊಸ ಸಂಖ್ಯೆಯನ್ನೇ ಬರೆದು, ಇವತ್ತು ಬೆಳಿಗ್ಗೆ ಬಿಡುಗಡೆ ಮಾಡಿದ್ದಳು. ಬಿಟ್ಟ ಹತ್ತು ನಿಮಿಷಕ್ಕೆ ಅವನಿಂದ ಮೂರು ಮೇಲ್. 'ಈಗ ನೆನಪಾಯ್ತಾ?' ಎಂದು ಮುನಿಸಿನಲ್ಲಿ ಒಂದನ್ನೂ ತೆರೆದಿರಲಿಲ್ಲ.

"ಪ್ಯಾಕೇಜ್ ಕಿತ್ಕೊಂಡೆ ಅಂತ ಜಗಳಕ್ಕೆ ಬಂದ್ರಾ?"

"ಜಗಳ ಆಮ್ಯಾಲೆ ಆಡಣ. ಆ ಫೈಲ್ ಅಸಲಿದಲ್ಲ ಕಣ್ರೀ! ತಯಾರಕರ ಸರ್ವರ್‌ಗೆ ಯಾರೋ ನುಗ್ಗಿ ಬದಲಾಯಿಸವ್ರೆ. ಆ್ಯಪ್ ಕಟ್ಟೋರ ಸಹಿಯಂಥ ಗುಟ್ಟಿನ ಕೀಗಳನ್ನ ಕದ್ದು ಎಲ್ಲಿಗೋ ಕಳಿಸ್ತೈತೆ."

ಮೂಲೆಯಲ್ಲಿ ರೌಟರಿನ ಹಸಿರು ದೀಪ ಮಿಣುಕುತ್ತಲೇ ಇತ್ತು. ಅವಳು ಎದ್ದು ವೈರನ್ನು ಕಿತ್ತೆಸೆದಳು.

"ಗೊತ್ತಿದ್ದೂ ಹದಿನೈದು ದಿನ ಬಾಯಿ ಮುಚ್ಕೊಂಡಿದ್ರಾ?"

"ಸಂಖ್ಯೆ ತಾಳೆ ಆಗ್ತಿಲ್ಲ ಅಂತ ಗೊತ್ತಿತ್ತು, ಅಷ್ಟೇ. ತಯಾರಕರಿಗೆ ಬರ್ದೆ. ನೋಡ್ತೀವಿ, ಯಾರಿಗೂ ಹೇಳ್ಬೇಡಿ ಅಂದ್ರು. ಖಚಿತವಾಗಿದ್ದು ಇವತ್ತು ಬೆಳಿಗ್ಗೆ."

"ನನಗಾದ್ರೂ ಒಂದ್ ಮಾತು ಹೇಳ್ಬೋದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಮೊದ್ಲು ಅವ್ರ ಮಾತಿಗೆ ಕಟ್ಟುಬಿದ್ದೆ. ಆಮ್ಯಾಲೆ, ಫೈಲ್ ಕೆಟ್ಟಿರೋ ಹೊತ್ತಿಗೆ ಸರಿಯಾಗಿ ನೀವು ಪ್ಯಾಕೇಜ್ ಕೇಳಿದ್ರಿ. ಅದುಕ್ಕೇ..."

"ನಾನೇ ಕಳ್ಳಿ ಅಂದ್ಕೊಂಡ್ರಾ!"

ಅವಳ ಕಣ್ಣು ತುಂಬಿ ಬಂತು. ಒಂದು ವರ್ಷದ ಮಾತಿಗೆ ಇಷ್ಟೇನಾ ಬೆಲೆ?

"ಈಗ ಮೊದ್ಲು ಅದನ್ನ ವಾಪಸ್ ತೆಗಿಬೇಕು. ನಿಮ್ಮ ಕಂಪ್ಯೂಟರ್ ಕೆಟ್ಟೈತೆ. ಪ್ಯಾಕೇಜಿಗೆ ನನ್ ಹೆಸ್ರು ಸೇರ್ಸಿ, ನನ್ ಲ್ಯಾಪ್‌ಟಾಪಿಂದ ತೆಗಿತೀನಿ."

ನಿಸರ್ಗಳ ಕಣ್ಣೀರು ಅಲ್ಲೇ ನಿಂತಿತು.

"ವೈರ್ ಕೀಳಿ, ಎಲ್ಲಾ ನನ್ ಕೈಗೆ ಕೊಡಿ... ಕಳ್ಳ ಬಂದ್ರೂ ಇದನ್ನೇ ಅಲ್ವಾ ಹೇಳೋದು?"

ಎದುರಿಗಿರುವವನು ನಿಜವಾಗಿ ಹೊಳೆದಂಡೆಯೇನಾ? ಆ ಹೆಸರಿಗೆ ಮುಖವನ್ನೇ ಕಂಡವಳಲ್ಲ...

"ಸರಿಯಾಗೇ ಕೇಳಿದ್ರಿ," ಎನ್ನುತ್ತಾ ರವೀಶ್ ಆಗಲೇ ತೆರೆದಿದ್ದ ತನ್ನ ಲ್ಯಾಪ್‌ಟಾಪ್ ಮುಚ್ಚಿದ. "ನನ್ನ ನಂಬ್ಬೇಡಿ. ತಯಾರಕರ ಪುಟಾನ ನಿಮ್ ಫೋನಲ್ಲೇ ನೋಡಿ. ನಾನು ಹೊರಗಿರ್ತೀನಿ."

ಅವನು ಮೆಟ್ಟಿಲಿಗೆ ಹೋಗಿ ಕೂತ.

"ಏನವ್ವಾ, ಮ್ಯಾಲೆ ಯಾರು ಬಂದವ್ರೆ?" ಕೆಳಗಿನಿಂದ ಅಪ್ಪ ಕೂಗಿದ.

"ಗೊತ್ತಿರೋರೇ ಕಣಪ್ಪಾ!" ಬಾಯಿಗೆ ಬಂದ ಮಾತಿಗೆ ಅವಳೇ ಅಚ್ಚರಿಪಟ್ಟಳು.

ತಯಾರಕರ ಪುಟದಲ್ಲಿ ಎಚ್ಚರಿಕೆ ಬಂದಿತ್ತು. ಅವನು ಹೇಳಿದ್ದೆಲ್ಲ ನಿಜ. ಆ ಮೂರು ಮೇಲ್ ತೆರೆದಳು. ಮೊದಲನೆಯದರಲ್ಲಿ, 'ದಯವಿಟ್ಟು ವಾಪಸ್ ತೆಗೀರಿ.' ಎರಡನೆಯದರಲ್ಲಿ ತಯಾರಕರ ಉತ್ತರ. ಮೂರನೆಯದರಲ್ಲಿ ಒಂದೇ ಸಾಲು. 'ನೀವಂತೂ ಅದನ್ನ ಹಾಕ್ಕೊಂಡಿಲ್ಲ ತಾನೇ?'

ಅವಳೇ ಮೊದಲು ಹಾಕಿಕೊಂಡು ಪರೀಕ್ಷಿಸಿದ್ದಳು! ಅವಳ ಧಾರಣೆ ಆ್ಯಪಿನ ಕೀ ಅದೇ ಕಂಪ್ಯೂಟರಿನಲ್ಲಿತ್ತು. ಕಟ್ಟಾಯದಿಂದ ಬೂವನಹಳ್ಳಿಯವರೆಗೆ ಆರು ಸಾವಿರ ಬೆಳೆಗಾರರು ದಿನಾ ಬೆಳಿಗ್ಗೆ ತೆಂಗಿನ ರೇಟು ನೋಡುವ ಆ್ಯಪು. ಆ ಕೀ ಇದ್ದವರು ಅವಳ ಹೆಸರಿನಲ್ಲೇ ನಕಲಿ ಆ್ಯಪ್ ಕಟ್ಟಿ ಅಷ್ಟೂ ಫೋನಿಗೆ ನುಗ್ಗಬಹುದು. ಈಗ ಅದು ಯಾರ ಕೈಯಲ್ಲಿದೆಯೋ...

ಫೋನಿನಲ್ಲೇ ಪ್ಯಾಕೇಜಿನ ಪುಟ ತೆರೆದು ಜೊತೆ ನಿರ್ವಾಹಕರ ಜಾಗದಲ್ಲಿ 'ಹೊಳೆದಂಡೆ' ಎಂದು ಬರೆದಳು. ಇವನು ನಿಜವಾದ ಹೊಳೆದಂಡೆಯಾದರಷ್ಟೇ ಆ ಖಾತೆ ತೆರೆಯಬಲ್ಲ. "ಒಳಗ್ ಬನ್ನಿ!"

ನಾಲ್ಕೇ ನಿಮಿಷದಲ್ಲಿ ಹಳೆಯ ಆವೃತ್ತಿ ಮರಳಿತು. ಅಷ್ಟರಲ್ಲಿ ಎಷ್ಟು ಜನ ಹಾಕಿಕೊಂಡರೋ, ತಿಳಿಯುವ ದಾರಿಯೇ ಇರಲಿಲ್ಲ.

"ಎಚ್ಚರಿಕೆಯ ನೋಟಿಸ್ ನನ್ ಹೆಸ್ರಲ್ಲಿ ಹಾಕ್ತೀನಿ," ಎಂದ ರವೀಶ್. "ನಾಲ್ಕು ವರ್ಷದ ಹೆಸ್ರು, ತಡ್ಕೊಳ್ತೈತೆ. ನಿಮ್ಮದು ಒಂದೇ ದಿನದ್ದು."

"ಬ್ಯಾಡ. ತಪ್ಪು ನಂದು."

ತಾನೇ ಬರೆದಳು. 'ಸಂಖ್ಯೆ ತಾಳೆಯಾಗದಿದ್ದಾಗ ಕಾರಣ ಕೇಳದೆ ಬದಲಾಯಿಸಿದವಳು ನಾನು, ನಿಸರ್ಗ.' ಆಮೇಲೆ ಬೆಳೆಗಾರರ ವಾಟ್ಸಾಪ್ ಗುಂಪುಗಳಿಗೆಲ್ಲ ಫೋನ್ ಹಿಡಿದು ಮಾತಾಡಿದಳು.

"ಅಣ್ಣಾರೇ, ಅಕ್ಕಾರೇ... ನಾನು ಮಂಡಿ ಕಾಂತರಾಜಣ್ಣನ ಮಗಳು. ಇನ್ನು ಮ್ಯಾಲೆ ನನ್ ಹೆಸ್ರಲ್ಲಿ ಯಾವ ಆ್ಯಪ್ ಬಂದ್ರೂ ಒತ್ತಬೇಡಿ. ನಾನೇ ಕಳ್ಸಿದೆ ಅಂದ್ರೂ... ನನ್ ಹೆಸ್ರು ನಂಬ್ಬೇಡಿ."

ಕಳಿಸಿ, ಮುಖ ಮುಚ್ಚಿಕೊಂಡು ಕೂತಳು.

"ಬಸ್ಸಲ್ಲಿ ಬರೋವಾಗ ದಾರಿಯುದ್ದಕ್ಕೂ ದೇವ್ರನ್ನ ಬೇಡ್ಕೊಂಡೆ ಕಣ್ರೀ," ಎಂದ ರವೀಶ್ ಮೆಲ್ಲಗೆ. "ಅವಳು ಕಳ್ಳಿ ಆಗಿರ್ಬಾರ್ದಪ್ಪಾ ಅಂತ."

"ಆಗಿದ್ದಿದ್ರೆ?"

"ಅದೇ ಭಯ. ಪ್ರೀತಿ ಮಾಡಾಗಿತ್ತಲ್ಲ... ಆಮ್ಯಾಲೆ ಏನ್ ಮಾಡ್ಲಿ?"

ನಿಸರ್ಗ ಮುಖದಿಂದ ಕೈ ತೆಗೆದಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ಈಗ ಆರು ಸಾವಿರ ಜನಕ್ಕೆ ನನ್ನ ನಂಬ್ಬೇಡಿ ಅಂದಿದ್ದೀನಿ, ಕೇಳಿಸ್ಕೊಂಡ್ರಲ್ಲ?"

"ಕೇಳಿಸ್ಕೊಂಡೆ. ನಾನು ನಿಮ್ ಗುಂಪಲ್ಲಿಲ್ಲ."

"ಅಂದ್ರೆ?"

"ನಾನು ನಂಬ್ತೀನಿ ಅಂತ."