ಮುಲುಂಡಿನ ಚೀಟಿ

ಗುರುಬಾಯಿ ಸದ್ದಿಲ್ಲದೆ ಕಸ ಗುಡಿಸುತ್ತಿದ್ದಳು.

ಛಾವಣಿಯಿಂದ ಉದುರಿದ ಗಾರೆಯ ಪುಡಿ ಚಾಪೆಯ ಮೇಲೆ, ಒಲೆಯ ಮೇಲೆ, ಕೊಡದ ಮುಚ್ಚಳದ ಮೇಲೆ... ಎಷ್ಟು ಗುಡಿಸಿದರೂ ಮತ್ತಷ್ಟು. ಒಂದೇ ಕೋಣೆಯ ಆ ಖೋಲಿಯ ನಡುವೆ ಛಾವಣಿಗೆ ಆಸರೆಯಾಗಿ ನಿಲ್ಲಿಸಿದ್ದ ಎರಡು ಮರದ ಕಂಬಗಳ ಹತ್ತಿರ ಮಾತ್ರ ಅವಳು ಹೋಗುತ್ತಿರಲಿಲ್ಲ. ಕಸಬರಿಗೆ ತಾಗಿದರೂ ಸಾಕು, ಸಾಲು ಖೋಲಿಗಳ ಇಡೀ ಚಾಳ್ ತಲೆಯ ಮೇಲೆ ಬಂದೀತೆಂಬ ಹೆದರಿಕೆ!

ಹೊಸ್ತಿಲಲ್ಲಿ ನಿಂತು ಅಣವೀರಪ್ಪ ಅವಳನ್ನೇ ನೋಡುತ್ತಿದ್ದ. ಮದುವೆಯಾಗಿ, ವಿಜಾಪುರದ ಕಡೆಯಿಂದ ಅವಳನ್ನು ವಡಾಲದ ಈ ಖೋಲಿಗೆ ಕರೆತಂದು ಹತ್ತೊಂಬತ್ತು ದಿನ. 'ಊಟ?' 'ಹೂಂ.' 'ನೀರು?' 'ಹೂಂ.' ಇಷ್ಟೇ ಅವರ ಸಂಸಾರದ ಮಾತು.

"ಇವತ್ತ ಸರ್ಕಾರದ ಮಂದಿ ಬರ್ತಾರ," ಅವನೇ ಬಾಯಿಬಿಟ್ಟ. "ಈ ಚಾಳ್ ಕೆಡವಿ ಹೊಸಾ ಬಿಲ್ಡಿಂಗ್ ಕಟ್ತಾರಂತ. ಅದು ಮುಗಿಯೂತನಕ ಇರಾಕ ಬ್ಯಾರೆ ಕಡೆ ಜಾಗಾ ಕೊಡ್ತಾರ. ಬಾಂದ್ರಾದಾಗ ಆದ್ರ ಒಂದು ಖೋಲ್ಯಾಗ ಎರಡು ಮನಿ, ನಡುವ ತಗಡು. ಮುಲುಂಡದಾಗ ಆದ್ರ ಖೋಲಿ ನಮ್ಮದ ಒಂದ, ಆದ್ರ ಭಾಳ ದೂರ."

ಅವಳು ಗಾರೆಯ ಪುಡಿಯನ್ನು ಮೂಲೆಗೆ ಕೂಡಿಹಾಕಿದಳು.

"ನನಗ ಡಾಕಿನಾಗ ಹಡಗಿನ ಮಾಲು ಇಳಸೂ ಡ್ಯೂಟಿ ಐತಿ. ದಿನಾ ಮನ್ಯಾಗ ಇರಾಕಿ ನೀ. ನಿನಗ ಯಾವುದು ಬೇಕೋ ಅದನ್ನ ಬರಸು. ಅವರು ಕೊಡೂ ಚೀಟಿ ಇಲ್ಲಂದ್ರ ನಮಗ ಹೊಸಾ ಬಿಲ್ಡಿಂಗಿನಾಗೂ ಜಾಗಾ ಇಲ್ಲ ನೋಡು."

ಅವನು ಮೆಟ್ಟಿಲಿಳಿದು ಹೋದ. ಗುರುಬಾಯಿಯ ಕಸಬರಿಗೆ ಅಲ್ಲೇ ನಿಂತಿತು.

'ನಾನಾ? ನಾ ಆರಿಸಬೇಕಾ?'

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಉಡುವ ಸೀರೆಯಿಂದ ಹಿಡಿದು ಕಟ್ಟಿಕೊಳ್ಳುವ ಗಂಡನವರೆಗೆ, ನಿನಗೇನು ಬೇಕೆಂದು ಇದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ...

ಹತ್ತು ಗಂಟೆಗೆ ಕನ್ನಡಕದ ಕಾರಕೂನನೊಬ್ಬ ಜವಾನನೊಂದಿಗೆ ರಿಜಿಸ್ಟರ್ ಹಿಡಿದು ಬಾಗಿಲಲ್ಲಿ ನಿಂತ. ಎಲ್ಲದಕ್ಕೂ ಮುಂದೆ ಬರುವ ಪಕ್ಕದ ಖೋಲಿಯ ಸುಂದ್ರವ್ವ ಅದೇ ಹೊತ್ತಿಗೆ ರೇಷನ್ ಅಂಗಡಿಗೆ ಹೋಗಿದ್ದಳು. ಗುರುಬಾಯಿ ಬಾಡಿಗೆಯ ರಸೀದಿ ಕೊಟ್ಟಳು. ಅದರಲ್ಲಿ ಇನ್ನೂ ತೀರಿಹೋದ ಅವಳ ಮಾವ ಗುರಲಿಂಗಪ್ಪನ ಹೆಸರೇ ಇತ್ತು.

"ಏ ತೋ ಮರ್ ಗಯಾ. ತೇರೆ ಆದ್ಮಿ ಕಾ ನಾಮ್ ಬೋಲ್."

ಗಂಡನ ಹೆಸರು!

'ಗಂಡನ ಹೆಸರು ಬಾಯಿಲೆ ತಗೀಬಾರದು, ಅವನ ಆಯುಷ್ಯ ಕಡಿಮಿ ಆಗತೈತಿ...' ಕಳಿಸಿಕೊಡುವಾಗಲೂ ಅವ್ವ ಕಿವಿಯಲ್ಲಿ ಹೇಳಿದ್ದಳು. ಈ ಗಳಿಗೆಯಲ್ಲಿ ಅವರು ಡಾಕಿನಲ್ಲಿ ಯಾವ ಭಾರದ ಕೆಳಗೆ ನಿಂತಿದ್ದಾರೋ!

"ಬೋಲ್ ನಾ!"

ಊರಲ್ಲಾಗಿದ್ದರೆ ಪಕ್ಕದವರು ಯಾರಾದರೂ ಅವಳ ಪರವಾಗಿ ಹೇಳಿಬಿಡುತ್ತಿದ್ದರು. ಇಲ್ಲಿ ಯಾರಿದ್ದಾರೆ? ಅವಳು ಥಟ್ಟನೆ ಕುಕ್ಕರಗಾಲಲ್ಲಿ ಕೂತು, ನೆಲದ ಗಾರೆಯ ಪುಡಿಯಲ್ಲಿ ಬೆರಳಿನಿಂದ ಬರೆದಳು. ಅ... ಣ... ವೀ...

"ಏ ಕ್ಯಾ ಹೈ? ಮದ್ರಾಸಿ?" ಕಾರಕೂನ ನಕ್ಕ. ಮುಂದೆ ಬಂದವನ ಬೂಟು ಆ ಅಕ್ಷರಗಳ ಮೇಲೆಯೇ ಬಿತ್ತು.

ಗುರುಬಾಯಿಯ ಜೀವ ಹಾರಿಹೋಯಿತು!

ಖೋಲಿ ಸಿಗಲೆಂದು ಯಾರೋ ಈ ಹೆಣ್ಣನ್ನು ತಂದು ಕೂರಿಸಿದ್ದಾರೆ, ಗಂಡನ ಹೆಸರು ಕೂಡ ಗೊತ್ತಿಲ್ಲ ಎಂದು ಅವನು ಜೊತೆಯವನಿಗೆ ಹೇಳಿದ. ರಿಜಿಸ್ಟರಿನಲ್ಲಿ ಅವರ ಖೋಲಿಯ ಸಾಲಿಗೆ ಕೆಂಪು ಗೆರೆ ಎಳೆದು ಹೋದ.

ಸಂಜೆ ಅಣವೀರಪ್ಪ ಬರುವ ಹೊತ್ತಿಗೆ ಸುದ್ದಿ ಇಡೀ ಚಾಳ್ ಸುತ್ತಿ ಬಂದಿತ್ತು.

"ನನ್ನ ಹೆಸರು ಹೇಳಲಿಲ್ಲಂತ?"

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು.

"ಮದುವಿ ದಿನಾನೂ ಹಂಗ ಮಾಡಿದಿ. ಹೆಣ್ಣಮಕ್ಕಳು ಒಡಪು ಹೇಳು, ಒಡಪು ಹೇಳು ಅಂತ ಅಷ್ಟು ಕಾಡಿದ್ರು. ಎದ್ದು ಓಡಿ ಹೋದಿ."

ಹೌದು, ಓಡಿಹೋಗಿದ್ದಳು. ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಅವಳಿಗೆ ಅಷ್ಟಕ್ಕೂ ಧೈರ್ಯ ಸಾಲಲಿಲ್ಲ. ಅದನ್ನು ಇವರಿಗೆ ಹೇಗೆ ಹೇಳುವುದು?

"ನಿನಗ ಮನಸಿಲ್ಲಂದ್ರ ನಂದೇನು ಜುಲುಮಿ ಇಲ್ಲ," ಅವನ ದನಿ ಒಡೆದಿತ್ತು. "ನಾಡದು ಆಫೀಸಿಗೆ ಕರದಾರ. ಅದೊಂದು ಮುಗದ ಮ್ಯಾಲ... ಬಿಲ್ಡಿಂಗ್ ಆಗೂತನಕ ತವರಮನ್ಯಾಗ ಇರು."

ಬಿಲ್ಡಿಂಗ್ ಆಗುವ ತನಕ! ಮೂರು ವರ್ಷವೋ, ನಾಲ್ಕು ವರ್ಷವೋ...

'ನನ್ನ ಬಿಟ್ಟಬಿಡ್ತಾರ!'

ಗೋಡೆಯ ಕಡೆ ತಿರುಗಿದ ಅವನ ಕಣ್ಣೂ ಒದ್ದೆಯಾಗಿದ್ದನ್ನು ಅವಳು ಕಾಣಲಿಲ್ಲ.

ಮರುದಿನ ನಲ್ಲಿಯ ಹತ್ತಿರ ಸುಂದ್ರವ್ವ ಅವಳ ಕೈಯಿಂದ ಕೊಡ ಕಸಿದುಕೊಂಡಳು.

"ಏ ಹುಚ್ಚಿ, ಆ ಕಾರಕೂನನ ಮುಂದ ಬಾಯಾಗ ಏನ ಇಟ್ಕೊಂಡಿದ್ದಿ? ಒಂದು ಒಡಪು ಕಟ್ಟಿ ಒಗದಿದ್ರ ಮುಗದು ಹೋಗ್ತಿತ್ತು!"

"ಅಷ್ಟು ಗಂಡಸರ ಮುಂದ ಹ್ಯಾಂಗವ್ವಾ..."

"ಮತ್ತ ತವರಮನ್ಯಾಗ ಎಮ್ಮಿ ಮುಂದ ಹೇಳಾಕಿ ಏನ?"

ಸುತ್ತಲಿನ ಹೆಂಗಸರು ಗೊಳ್ಳೆಂದು ನಕ್ಕರು. ಗುರುಬಾಯಿಗೆ ನಗು ಬರಲಿಲ್ಲ. ಆ ದಿನವೆಲ್ಲ ರೊಟ್ಟಿ ಬಡಿಯುತ್ತ ತುಟಿಯೊಳಗೇ ಏನೋ ಜೋಡಿಸಿದಳು, ಮುರಿದಳು, ಮತ್ತೆ ಜೋಡಿಸಿದಳು.

ಅದರ ಮರುದಿನ ಆಫೀಸಿನಲ್ಲಿ ನಲವತ್ತು ಜನರಿದ್ದರು. ಅದೇ ಕನ್ನಡಕ, ಅದೇ ಕೆಂಪು ಗೆರೆ!

"ಸಾಹೇಬ, ಏ ಮೇರಿ ಔರತ್ ಹೈ..." ಅಣವೀರಪ್ಪ ಶುರು ಮಾಡಿದ.

"ತೂ ಚುಪ್! ಔರತ್ ಬೋಲೇಗಿ." ಕಾರಕೂನ ಅವನನ್ನು ಪಕ್ಕಕ್ಕೆ ಸರಿಸಿದ. ಇವತ್ತೂ ಹೇಳದಿದ್ದರೆ ಖೋಲಿ ರದ್ದು ಎಂದು ಬೆರಳೆತ್ತಿ ಎಚ್ಚರಿಸಿದ.

ಅವಳು ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ... ಇವಳು ಹೇಳುವುದಿಲ್ಲ ಎಂದು ಆಗಲೇ ಗೊತ್ತಿದ್ದವನ ಹಾಗೆ.

'ಹೇಳಿದ ಮ್ಯಾಲ ಅವರಿಗೆ ಏನರ ಆದ್ರ? ಹೇಳದಿದ್ರ... ನಾ ಅವರನ್ನ ಮತ್ತ ಎಲ್ಲಿ ನೋಡ್ಲಿ?'

ಕಣ್ಣು ಗಟ್ಟಿಯಾಗಿ ಮುಚ್ಚಿದಳು.

"ಗಾಡಿ ಹತ್ತಿ ಹೊಂಟ್ರ ದೂರ ಐತಿ ಮುಲುಂಡ,
ಅಣವೀರಪ್ಪನವರ ಜೋಡಿ ಇದ್ರ ಬರೇ ಖೋಲಿನೂ ಚಂದ!"



"ಅಗಬಾಈ! ಉಖಾಣಾ ಘೇತಲಾ!" ಹಿಂದಿನಿಂದ ಒಬ್ಬ ಮರಾಠಿ ಅಜ್ಜಿ ಚಪ್ಪಾಳೆ ತಟ್ಟಿದಳು. ಅವರಲ್ಲೂ ಮದುಮಗಳು ಹೀಗೆಯೇ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುತ್ತಾಳಲ್ಲ! ಅಜ್ಜಿಗೆ ಕನ್ನಡ ಬರದಿದ್ದರೂ ಎಲ್ಲವೂ ತಿಳಿದುಹೋಗಿತ್ತು. "ಅರೇ ಸಾಹೇಬ, ಖರೇ ನವರಾ-ಬಾಯಕೋ ಆಹೇತ! ಲಿಹಾ, ಲಿಹಾ!"

ಇವರು ನಿಜವಾದ ಗಂಡ-ಹೆಂಡತಿಯೇ, ಬರೆದುಕೊಳ್ಳಿ ಎಂಬ ಅಜ್ಜಿಯ ಒತ್ತಾಯಕ್ಕೆ ಸಾಲಿನಲ್ಲಿದ್ದ ಹೆಂಗಸರೆಲ್ಲ ನಗತೊಡಗಿದರು. ಕಾರಕೂನನ ಮೀಸೆಯೂ ಅಲುಗಿತು. ಅವನು ಕೆಂಪು ಗೆರೆಯ ಪಕ್ಕ ಏನೋ ಬರೆದು, ಚೀಟಿ ಹರಿದು ಕೊಟ್ಟ.

"ಅಣವೀರಪ್ಪಾ. ಮುಲುಂಡ್. ಬರೋಬರ್?"

ಅಣವೀರಪ್ಪನಿಗೆ ಚೀಟಿ ತೆಗೆದುಕೊಳ್ಳಲೂ ನೆನಪಾಗಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತ ನಿಂತಿದ್ದ.

ಖೋಲಿ ನೋಡಲು ಅವರು ಅಂದೇ ಹೊರಟರು. ಕುರ್ಲಾದಲ್ಲಿ ಗಾಡಿ ಬದಲಿಸಿದ ಮೇಲೆ ಕೂರಲು ಜಾಗ ಸಿಕ್ಕಿತು.

"ಮದುವಿ ದಿನ ಯಾಕ ಓಡಿ ಹೋದಿ?" ಅವನೇ ಮೆಲ್ಲಗೆ ಕೇಳಿದ.

"ಹೆದರಿಕಿ ಆಗಿತ್ರಿ."

"ನನ್ನ ಕಂಡ?"

"ನಿಮ್ಮನ್ನ ಕಂಡಲ್ಲರೀ..." ಅವಳ ಕಣ್ಣು ತುಂಬಿತು. "ಹೆಸರು ತಗೊಂಡ್ರ ನಿಮಗ ಏನರ ಆಗತೈತಂತ."

ಅವನು ಕಿಟಕಿಯ ಆಚೆ ನೋಡಿದ.

"ನಾನೂ ಹೆದರಿದ್ದೆ. ದಿನಾ ಸಂಜಿಗೆ ಮೆಟ್ಟಲ ಹತ್ತೂವಾಗ... ಇವತ್ತ ಖೋಲಿ ಖಾಲಿ ಇರತೈತೇನೋ, ನೀ ಊರಿಗೆ ಹೋಗಿ ಬಿಟ್ಟಿರತಿಯೇನೋ ಅಂತ."

"ನಾ ಎಲ್ಲಿ ಹೋಗ್ಲಿ? ನನಗ ಸ್ಟೇಶನ್ನಿನ ದಾರಿನೂ ಗೊತ್ತಿಲ್ಲ!"

ಅವನು ಜೋರಾಗಿ ನಕ್ಕ. ಎದುರಿನವರು ನೋಡುತ್ತಿದ್ದರೂ ಅವಳ ಕೈ ಹಿಡಿದುಕೊಂಡ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು... ಇಷ್ಟು ದಿನಗಳಲ್ಲಿ ಮೊದಲ ಸಲ!

ಹೊರಗೆ ಕಟ್ಟಡಗಳು ವಿರಳವಾಗುತ್ತಿದ್ದವು. ಜೌಗು ನೆಲ, ಕುರುಚಲು ಗಿಡ, ಆಚೆ ಗುಡ್ಡ. ಅವಳೇ ಆರಿಸಿದ ಊರು. ಅಲ್ಲಿ ಸುಂದ್ರವ್ವ ಇರುವುದಿಲ್ಲ, ನಲ್ಲಿಯ ಗದ್ದಲ ಇರುವುದಿಲ್ಲ. ನಲವತ್ತು ಜನರ ಮುಂದೆ ಹೇಳಿಬಿಟ್ಟ ಹೆಸರು ಎದೆಯಲ್ಲಿ ಇನ್ನೂ ನಡುಗುತ್ತಿತ್ತು.

"ಒಂದು ಮಾತು ಕೇಳ್ಲಿರೀ?"

"ಕೇಳು."

"ದಿನಾ ಬೆಳಕು ಇರೂದರಾಗ ಮನಿಗೆ ಬಂದುಬಿಡ್ರಿ."

ಡಾಕಿನ ಡ್ಯೂಟಿ ಬಿಡುವುದೇ ಹೊತ್ತು ಮುಳುಗುವಾಗ ಎಂದು ಅವನಿಗೆ ಗೊತ್ತಿತ್ತು. ಅಲ್ಲಿಂದ ಮುಲುಂಡ್ ಎಷ್ಟು ದೂರವೆಂಬುದೂ ಈಗ ಗೊತ್ತಾಗುತ್ತಿತ್ತು. ಅವಳ ಬೆರಳುಗಳ ಮೇಲೆ ಅವನ ಹಿಡಿತ ಬಿಗಿಯಾಯಿತು. ಗಾಡಿ ಓಡುತ್ತಲೇ ಇತ್ತು.

"ಬಂದುಬಿಡ್ರಿ..."